ಬೈಲಕುಪ್ಪೆಯ ಟಿಬೆಟನ್ ನೆಲೆ: ನಿರಾಶ್ರಿತ ಮಕ್ಕಳು ಮತ್ತು ಕಾಡಾನೆಗಳು

ಬೈಲಕುಪ್ಪೆಯ ಟಿಬೆಟನ್ ನೆಲೆಯು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಕುಶಾಲನಗರದ ಸಮೀಪದಲ್ಲಿರುವ ನಿರಾಶ್ರಿತರ ವಸತಿ. 1959ರ ಲಾಸಾ ದಂಗೆಯನ್ನು ಚೀನಾ ಸೇನೆಯು ಹತ್ತಿಕ್ಕಿದ ನಂತರ ಭಾರತಕ್ಕೆ ಬಂದ ಟಿಬೆಟನ್ನರಿಗಾಗಿ ಅಂದಿನ ಮೈಸೂರು ರಾಜ್ಯ ಸರ್ಕಾರವು ಇಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಗುತ್ತಿಗೆಗೆ ನೀಡಿತು. ಆ ಭೂಮಿಯ ಬಹುಭಾಗ ಕಾಡಾಗಿತ್ತು. ಹೀಗಾಗಿ, ಸಂಘರ್ಷದಿಂದ ಪಾರಾಗಿ ಬಂದ ಮಕ್ಕಳ ಆಶ್ರಯತಾಣವು ಕಾಡಾನೆಗಳ ಸಂಚಾರದ ನೆಲದಲ್ಲಿಯೇ ರೂಪುಗೊಂಡಿತು.

ಹಿನ್ನೆಲೆ

ದಲಾಯಿ ಲಾಮಾ ಅವರನ್ನು ಹಿಂಬಾಲಿಸಿ ಹಿಮಾಲಯವನ್ನು ದಾಟಿದವರ ಸಂಖ್ಯೆ ಸುಮಾರು 80,000 ಎಂದು ಅಂದಾಜಿಸಲಾಗಿದೆ. ಅನೇಕರು ಉತ್ತರ ಭಾರತದ ಗುಡ್ಡಗಾಡಿನಲ್ಲಿ ರಸ್ತೆ ನಿರ್ಮಾಣದ ಕೂಲಿಗಳಾದರು. ತಂದೆತಾಯಿ ಕೆಲಸದಲ್ಲಿದ್ದಾಗ ಶಿಬಿರಗಳಲ್ಲಿ ಉಳಿಯುತ್ತಿದ್ದ ಮಕ್ಕಳು ಅಪೌಷ್ಟಿಕತೆಗೂ ರೋಗಗಳಿಗೂ ತುತ್ತಾದರು. 1960ರ ಮೇ 17ರಂದು ಜಮ್ಮುವಿನ ಶಿಬಿರಗಳಿಂದ 51 ಮಕ್ಕಳನ್ನು ಧರ್ಮಶಾಲೆಗೆ ಕರೆತರಲಾಯಿತು. ದಲಾಯಿ ಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ ಅವರ ಮೇಲ್ವಿಚಾರಣೆಯಲ್ಲಿ ಆರಂಭವಾದ ಈ ಶಿಶುಪಾಲನಾ ಕೇಂದ್ರವೇ ಮುಂದೆ ಟಿಬೆಟನ್ ಚಿಲ್ಡ್ರನ್ಸ್ ವಿಲೇಜ್ ಎಂಬ ಸಂಸ್ಥೆಯಾಗಿ ಬೆಳೆಯಿತು. 1964ರಲ್ಲಿ ಅವರು ನಿಧನರಾದ ಬಳಿಕ ತಂಗಿ ಜೆಟ್ಸುನ್ ಪೆಮಾ ಹೊಣೆ ವಹಿಸಿಕೊಂಡರು.

ಬೈಲಕುಪ್ಪೆಯಲ್ಲಿ ಮಕ್ಕಳ ಪಾಲನೆ

ಲುಗ್ಸಂಗ್ ಸಂದುಪ್ಲಿಂಗ್ ಎಂಬ ಮೊದಲ ವಸತಿಯು 1961ರ ಹೊತ್ತಿಗೆ ನೆಲೆಗೊಂಡಿತು. ಡಿಕ್ಯಿ ಲಾರ್ಸೊ 1969ರಲ್ಲಿ ಸೇರಿತು. ನಿರಾಶ್ರಿತ ಮಕ್ಕಳಿಗೆ ಪ್ರತ್ಯೇಕ ಶಾಲೆಗಳಿರಬೇಕೆಂಬ ನಿಲುವಿಗೆ ಪ್ರಧಾನಿ ನೆಹರೂ ಅವರ ಬೆಂಬಲವಿತ್ತು. 1961ರಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯಲ್ಲಿ ಸ್ವಾಯತ್ತ ಸಂಸ್ಥೆಯೊಂದು ರಚನೆಯಾಗಿ, ಬೈಲಕುಪ್ಪೆಯಲ್ಲಿಯೂ ಅದರ ಶಾಲೆ ನಡೆಯಿತು. ಟಿಬೆಟನ್ ಚಿಲ್ಡ್ರನ್ಸ್ ವಿಲೇಜ್ ಕೂಡ ನಂತರ ಇಲ್ಲಿ ಶಾಖೆಯನ್ನು ತೆರೆಯಿತು. ಈ ಸಂಸ್ಥೆಯ ಪದ್ಧತಿಯಲ್ಲಿ ಮಕ್ಕಳು ದೊಡ್ಡ ವಸತಿನಿಲಯದಲ್ಲಿ ಅಲ್ಲ, ಸಾಕುತಾಯಿಯೊಬ್ಬರ ಆರೈಕೆಯಲ್ಲಿ ಮನೆಮನೆಯಾಗಿ ಬೆಳೆಯುತ್ತಾರೆ. ತಂದೆತಾಯಿ ಟಿಬೆಟ್‌ನಲ್ಲಿಯೇ ಉಳಿದ ಮಕ್ಕಳಿಗೆ ಈ ವ್ಯವಸ್ಥೆಯ ಅಗತ್ಯ ಹೆಚ್ಚಾಗಿತ್ತು. 1968ರಲ್ಲಿ ಸ್ಥಾಪನೆಯಾದ, ಇಂದು ಗ್ರಾಮೀಣಾಭಿವೃದ್ಧಿಗೆ ಹೆಸರಾದ ಮೈರಾಡಾ ಸಂಸ್ಥೆಯ ಮೂಲ ಉದ್ದೇಶವೂ ಟಿಬೆಟನ್ನರ ಪುನರ್ವಸತಿಯೇ ಆಗಿತ್ತು ಎಂಬುದು ಅಷ್ಟಾಗಿ ತಿಳಿದಿಲ್ಲ.

ಭಾರತವು 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ. ಆದ್ದರಿಂದ ಈ ಮಕ್ಕಳಿಗೆ ದೊರೆತ ರಕ್ಷಣೆಯು ಸರ್ಕಾರದ ಆಡಳಿತಾತ್ಮಕ ತೀರ್ಮಾನಗಳನ್ನೇ ಅವಲಂಬಿಸಿದೆ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಜನಿಸಿದ ಟಿಬೆಟನ್ನರು ಜನ್ಮತಃ ಪ್ರಜೆಗಳೆಂಬುದನ್ನು ಕರ್ನಾಟಕ ಹೈಕೋರ್ಟ್ 2013ರಲ್ಲಿ ಎತ್ತಿಹಿಡಿಯಿತು. ಆನಂತರ ಜನಿಸಿದವರಿಗೆ ಇದು ತಾನಾಗಿ ಅನ್ವಯಿಸುವುದಿಲ್ಲ.

ಆನೆಗಳೊಂದಿಗಿನ ಸಂಘರ್ಷ

ಶೀತಪ್ರದೇಶದಿಂದ ಬಂದವರಿಗೆ ಇಲ್ಲಿನ ಸೆಕೆಯೂ ಕಾಡಾನೆಯೂ ಹೊಸವು. ಪೆನೋರ್ ರಿಂಪೋಚೆ 1963ರಲ್ಲಿ ಸ್ಥಾಪಿಸಿದ ನಾಮ್‌ಡ್ರೋಲಿಂಗ್ ಮಠವು ಮೊದಲಿಗೆ ಬಿದಿರಿನ ಕಟ್ಟಡವಾಗಿತ್ತು. ಆನೆಗಳ ದಾಳಿಯು ಅದರ ಆರಂಭಿಕ ಕಷ್ಟಗಳಲ್ಲಿ ಒಂದು. ಪ್ರವಾಸಿಗರು ಸ್ವರ್ಣ ದೇವಾಲಯವೆಂದು ಕರೆಯುವುದು ಇದೇ ಮಠದ ಮಂದಿರವನ್ನು. ನೆಲೆಯ ಮುಖ್ಯ ಬೆಳೆಯಾದ ಮುಸುಕಿನ ಜೋಳವು ಆನೆಗಳಿಗೂ ಪ್ರಿಯವಾದ ಆಹಾರ.

ಆನೆಗಳ ದೃಷ್ಟಿಯಿಂದ ನೋಡಿದರೆ, ಕಳೆದುಕೊಂಡದ್ದು ಅವುಗಳ ಆವಾಸ. ಆದರೆ ಹೊಣೆಯನ್ನು ನಿರಾಶ್ರಿತರ ಮೇಲಷ್ಟೇ ಹೊರಿಸುವುದು ನ್ಯಾಯವಲ್ಲ. ಅಣೆಕಟ್ಟು, ಕಾಫಿ ತೋಟ ಮತ್ತು ಕೃಷಿ ವಿಸ್ತರಣೆಯಿಂದಲೂ ಈ ಭಾಗದ ಕಾಡು ಛಿದ್ರಗೊಂಡಿದೆ. ಸಮೀಪದ ನಾಗರಹೊಳೆಯು ಮೈಸೂರು ಆನೆ ಮೀಸಲು ಪ್ರದೇಶದ ಭಾಗ. 2023ರ ಗಣತಿಯಂತೆ ಕರ್ನಾಟಕದಲ್ಲಿ ಅಂದಾಜು 6,395 ಆನೆಗಳಿದ್ದು, ಇದು ದೇಶದಲ್ಲಿಯೇ ಅತಿ ಹೆಚ್ಚು.

ಸಂರಕ್ಷಣಾ ಕ್ರಮಗಳು

ಹೈಕೋರ್ಟ್ ಸೂಚನೆಯಂತೆ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆಯು 2012ರಲ್ಲಿ ವರದಿ ಸಲ್ಲಿಸಿತು. ಯಶವಂತಪುರದ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ರಾಮನ್ ಸುಕುಮಾರ್ ಅದರ ಅಧ್ಯಕ್ಷರಾಗಿದ್ದರು. ಸಂರಕ್ಷಣೆ, ಸಹಬಾಳ್ವೆ ಮತ್ತು ಆನೆಗಳ ಸ್ಥಳಾಂತರ ಎಂಬ ಮೂರು ವಲಯಗಳಾಗಿ ಭೂಪ್ರದೇಶವನ್ನು ವಿಂಗಡಿಸಬೇಕೆಂಬುದು ವರದಿಯ ತಿರುಳು. ನಾಗರಹೊಳೆಯ ಅಂಚಿನಲ್ಲಿ ಕಂದಕ, ಸೌರ ಬೇಲಿ ಮತ್ತು ರೈಲು ಹಳಿಯ ತಡೆಗೋಡೆಗಳನ್ನು ನಿರ್ಮಿಸಲಾಗಿದೆ. ಮಳೆಗೆ ಕುಸಿಯುವ ಕಂದಕವನ್ನು ಆನೆಗಳು ಸುಲಭವಾಗಿ ದಾಟುತ್ತವೆ. ಬೇಲಿಗೆ ನಿರಂತರ ನಿರ್ವಹಣೆ ಬೇಕು.

ಚಾಮರಾಜನಗರ ಜಿಲ್ಲೆಯ ಒಡೆಯರಪಾಳ್ಯದ ಟಿಬೆಟನ್ ನೆಲೆಯಲ್ಲಿಯೂ ಇದೇ ಸಮಸ್ಯೆ ಇದೆ. ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟದ ಕಾಡುಗಳನ್ನು ಬೆಸೆಯುವ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಆನೆಪಥವು ಆ ಸೀಮೆಯಲ್ಲಿದ್ದು, ಅದಕ್ಕಾಗಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಖಾಸಗಿ ಜಮೀನನ್ನು ಖರೀದಿಸಿ ಅರಣ್ಯ ಇಲಾಖೆಗೆ ಒಪ್ಪಿಸಿದೆ.