ಹಿರಿಯರಿಗೆ ಟಿವಿ ರಿಮೋಟ್ ಕಷ್ಟವಾಗುವುದೇಕೆ? ಮನೆಯಲ್ಲೇ ಮಾಡಬಹುದಾದ ಪರಿಹಾರಗಳು

“ವಯಸ್ಸಾಯಿತು, ಎಷ್ಟು ಹೇಳಿಕೊಟ್ಟರೂ ರಿಮೋಟ್ ಬಳಸಲು ಬರುವುದಿಲ್ಲ.” ಅನೇಕ ಮನೆಗಳಲ್ಲಿ ಕೇಳಿಬರುವ ಮಾತಿದು. ಆದರೆ ಹೆಚ್ಚಿನ ಸಲ ತೊಂದರೆ ಇರುವುದು ರಿಮೋಟ್‌ನ ವಿನ್ಯಾಸದಲ್ಲಿ.

ಕಾರಣಗಳೇನು?

ವಯಸ್ಸಾದಂತೆ ಕಣ್ಣಿನ ಮಸೂರ ಗಡುಸಾಗಿ, ಹತ್ತಿರದ ಸಣ್ಣ ಅಕ್ಷರಗಳು ಮಸುಕಾಗುತ್ತವೆ. ಕಣ್ಣಿನ ಪೊರೆ ಇದ್ದವರಿಗೆ ಕಪ್ಪು ರಿಮೋಟ್ ಮೇಲಿನ ಬೂದು ಅಕ್ಷರ ಕಾಣುವುದೇ ಕಷ್ಟ. ಸಂಧಿವಾತ ಇದ್ದರೆ ಚಿಕ್ಕ ಬಟನ್ ಒತ್ತಲು ಬೆರಳು ನೋಯುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈ ನಡುಗಿ ಪಕ್ಕದ ಬಟನ್ ಒತ್ತಿಹೋಗುತ್ತದೆ.

ಜೊತೆಗೆ ಟಿವಿಗೊಂದು, ಸೆಟ್ ಟಾಪ್ ಬಾಕ್ಸ್‌ಗೊಂದು ರಿಮೋಟ್. ‘ಸೋರ್ಸ್’ ಅಥವಾ ‘ಇನ್‌ಪುಟ್’ ಬಟನ್ ತಪ್ಪಿ ಒತ್ತಿದರೆ ಪರದೆಯಲ್ಲಿ ‘ನೋ ಸಿಗ್ನಲ್’ ಎಂದು ಬರುತ್ತದೆ. ಹಾಗಾದಾಗ ಟಿವಿ ಕೆಟ್ಟಿತೆಂದು ಗಾಬರಿ ಬೇಡ. ಮೊದಲು ಅದೇ ಬಟನ್ ಒತ್ತಿ, ಬಾಕ್ಸ್ ಜೋಡಿಸಿರುವ ಎಚ್‌ಡಿಎಂಐ ಆರಿಸಿ ನೋಡಿ.

ಏನು ಮಾಡಬಹುದು?

1. ಬೇಡದ ಬಟನ್ ಮುಚ್ಚಿ: ದಪ್ಪ ರಟ್ಟಿನಲ್ಲಿ ಆನ್-ಆಫ್, ವಾಲ್ಯೂಮ್, ಚಾನೆಲ್ ಬಟನ್‌ಗಳಿಗೆ ಮಾತ್ರ ರಂಧ್ರ ಮಾಡಿ ರಿಮೋಟ್ ಮೇಲೆ ಅಂಟಿಸಿ. ಕೈ ನಡುಗುವವರಿಗೂ ಇದು ಅನುಕೂಲ. ರಿಮೋಟ್‌ನ ಮುಂತುದಿಯ ಚಿಕ್ಕ ಬಲ್ಬ್ ಮಾತ್ರ ಮುಚ್ಚಬಾರದು.

2. ಗುರುತು ಮಾಡಿ: ಆನ್-ಆಫ್ ಬಟನ್‌ಗೆ ಗಾಢ ಬಣ್ಣದ ನೇಲ್ ಪಾಲಿಶ್ ಹಚ್ಚಿ. ದೃಷ್ಟಿ ಇಲ್ಲದವರಿಗೆ ಕೈಗೆ ಸಿಗುವಂತೆ ಉಬ್ಬಿದ ಸ್ಟಿಕ್ಕರ್ ಅಂಟಿಸಿ. ಅನೇಕ ರಿಮೋಟ್‌ಗಳಲ್ಲಿ 5ರ ಮೇಲೆ ಸಣ್ಣ ಉಬ್ಬು ಇರುವುದೂ ಇದಕ್ಕಾಗಿಯೇ. ಅದನ್ನು ಮುಟ್ಟಿ ಸುತ್ತಲಿನ ಅಂಕಿಗಳನ್ನು ಹುಡುಕಬಹುದು.

3. ಹಿಡಿತ ಕೊಡಿ: ರಿಮೋಟ್‌ಗೆ ದಪ್ಪ ರಬ್ಬರ್ ಬ್ಯಾಂಡ್ ಸುತ್ತಿದರೆ ಜಾರುವುದಿಲ್ಲ.

4. ಒಂದೇ ರಿಮೋಟ್ ಸಾಕಾಗಿಸಿ: ಟಿವಿ ಸೆಟ್ಟಿಂಗ್ಸ್‌ನಲ್ಲಿ ‘ಎಚ್‌ಡಿಎಂಐ ಸಿಇಸಿ’ ಹುಡುಕಿ. ಸ್ಯಾಮ್‌ಸಂಗ್‌ನಲ್ಲಿ ಇದರ ಹೆಸರು ‘ಎನಿನೆಟ್ ಪ್ಲಸ್’, ಎಲ್‌ಜಿಯಲ್ಲಿ ‘ಸಿಂಪ್‌ಲಿಂಕ್’, ಸೋನಿಯಲ್ಲಿ ‘ಬ್ರಾವಿಯಾ ಸಿಂಕ್’. ಬಾಕ್ಸ್‌ನಲ್ಲೂ ಈ ಸೌಲಭ್ಯ ಇದ್ದರೆ ಎರಡನ್ನೂ ಒಂದೇ ರಿಮೋಟ್‌ನಿಂದ ನಡೆಸಬಹುದು.

5. ಟಿವಿಯೇ ಓದಿ ಹೇಳಲಿ: ಆಂಡ್ರಾಯ್ಡ್ ಟಿವಿಯಲ್ಲಿ ‘ಟಾಕ್‌ಬ್ಯಾಕ್’, ಫೈರ್ ಟಿವಿಯಲ್ಲಿ ‘ವಾಯ್ಸ್‌ವ್ಯೂ’ ಪರದೆಯ ಮೇಲಿನ ಬರಹವನ್ನು ಓದುತ್ತವೆ. ಸೆಟ್ಟಿಂಗ್ಸ್‌ನ ‘ಆಕ್ಸೆಸಿಬಿಲಿಟಿ’ಯಲ್ಲಿ ಇವು ಸಿಗುತ್ತವೆ.

ನಂಬಿಕೆ ಮತ್ತು ವಾಸ್ತವ

ನಂಬಿಕೆ: ಜೋರಾಗಿ ಒತ್ತಿದರೆ ಸಿಗ್ನಲ್ ಜೋರಾಗುತ್ತದೆ.
ವಾಸ್ತವ: ಇಲ್ಲ. ಬಟನ್ ಕೆಲಸ ಸರ್ಕ್ಯೂಟ್ ಕೂಡಿಸುವುದಷ್ಟೇ. ಜೋರಾಗಿ ಒತ್ತಿದರೆ ಮಾತ್ರ ಕೆಲಸ ಮಾಡುತ್ತಿದೆ ಎಂದರೆ ಒಳಗಿನ ರಬ್ಬರ್ ಪ್ಯಾಡ್ ಸವೆದಿರಬಹುದು ಅಥವಾ ಕೊಳೆಯಾಗಿರಬಹುದು. ಬಟನ್ ಒತ್ತುತ್ತಾ ರಿಮೋಟ್‌ನ ಬಲ್ಬನ್ನು ಮೊಬೈಲ್‌ನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಬೆಳಕು ಮಿನುಗಿದರೆ ರಿಮೋಟ್ ಸಿಗ್ನಲ್ ಕಳಿಸುತ್ತಿದೆ ಎಂದರ್ಥ. ಬ್ಲೂಟೂತ್ ರಿಮೋಟ್‌ಗೆ ಈ ಪರೀಕ್ಷೆ ನಡೆಯದು.

ನಂಬಿಕೆ: ರಿಮೋಟ್ ಕಿರಣ ಆರೋಗ್ಯಕ್ಕೆ ಹಾನಿಕರ.
ವಾಸ್ತವ: ಅದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು, ತೀರಾ ಕಡಿಮೆ ಶಕ್ತಿಯದು. ಸಾಮಾನ್ಯ ಬಳಕೆಯಿಂದ ಅಪಾಯವಿಲ್ಲ.

ನಿಜವಾದ ಅಪಾಯ ಬೇರೆಯೇ ಇದೆ. ಕೆಲವು ತೆಳು ರಿಮೋಟ್‌ಗಳಲ್ಲಿ ನಾಣ್ಯದಂಥ ಬಟನ್ ಸೆಲ್ ಇರುತ್ತದೆ. ಮಗು ಅದನ್ನು ನುಂಗಿದರೆ 2 ಗಂಟೆಯೊಳಗೇ ಅನ್ನನಾಳ ಸುಡಬಹುದು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಹಕ್ಕೂ ಇದೆ

ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ ಪ್ರಕಾರ, ದಿನಬಳಕೆಯ ಎಲೆಕ್ಟ್ರಾನಿಕ್ ಸಾಧನಗಳು ಎಲ್ಲರೂ ಬಳಸಬಲ್ಲ ವಿನ್ಯಾಸದಲ್ಲಿ ಸಿಗುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕು. ಹೊಸ ಟಿವಿ ಕೊಳ್ಳುವಾಗ ರಿಮೋಟನ್ನು ಹಿರಿಯರ ಕೈಗೇ ಕೊಟ್ಟು ನೋಡಿ.

ಗಮನಿಸಿ: ವರ್ಷಗಳಿಂದ ಸರಾಗವಾಗಿ ರಿಮೋಟ್ ಬಳಸುತ್ತಿದ್ದವರು ಈಗ ತಡವರಿಸುತ್ತಿದ್ದು, ಅಡುಗೆ, ಹಣದ ಲೆಕ್ಕದಂಥ ಪರಿಚಿತ ಕೆಲಸಗಳಲ್ಲೂ ಗೊಂದಲ ಕಂಡರೆ ವೈದ್ಯರಿಗೆ ತೋರಿಸಿ. ಅದು ಮರೆವಿನ ಕಾಯಿಲೆಯ ಆರಂಭದ ಲಕ್ಷಣ ಇರಬಹುದು.