ರಿಕಾರ್ಡಿನಿಂದ ರಿಚಾರ್ಜಿನವರೆಗೆ: ಐದು ತಾಲೂಕು ಹಾಡು ಕೇಳಿದ ಕಥೆ

ಕಬ್ಬಿನ ಹಂಗಾಮಿನಲ್ಲಿ ಉಗಾರ, ಕುಡಚಿ ಕಡೆಯ ರಸ್ತೆಗಳಲ್ಲಿ ರಾತ್ರಿ ನಿಂತರೆ ಟ್ರ್ಯಾಕ್ಟರ್ ಕಾಣುವ ಮೊದಲೇ ಅದರ ಹಾಡು ಕೇಳುತ್ತದೆ. ಹಿಂದೆ ಎರಡು ಟ್ರೇಲರ್ ಕಬ್ಬು, ಡ್ರೈವರ್ ಬೆನ್ನಿಗೆ ದೊಡ್ಡ ಸೌಂಡ್ ಬಾಕ್ಸ್, ಮುಂದೆ ಮೊಬೈಲ್. ಹೋದ ಹಂಗಾಮಿನಲ್ಲಿ ಚಹಾದಂಗಡಿ ಮುಂದೆ ಗಾಡಿ ನಿಲ್ಲಿಸಿದ ಹುಡುಗನೊಬ್ಬ ನಮ್ಮನ್ನು ಕೇಳಿದ: "ಅಣ್ಣಾರ, ನೀವು ಪೇಪರಿಗೆ ಬರಿಯೋರು. ಯಾವ ಆ್ಯಪಿನ್ಯಾಗ ಸೌಂಡ್ ಚಲೋ ಬರ್ತೈತಿ, ಹೇಳ್ರಿ ನೋಡೂಣು."

ಎರಡು ಆ್ಯಪ್ ಹೆಸರು ಹೇಳಿದೆವು. ಅವನು ತನ್ನ ಮೊಬೈಲನ್ನೇ ನಮ್ಮ ಕೈಗಿಟ್ಟ. "ಹಂಗಾದ್ರ ಇದರಾಗ ನಮ್ಮ ಮುತ್ಯಾನ ಹರದೇಶಿ ಹಾಡಕಿ ತಗದು ಕೊಡ್ರಿ." ಹುಡುಕಿದೆವು, ಸಿಗಲಿಲ್ಲ. ಮುತ್ಯಾ ಹಾಡಿದ ಕ್ಯಾಸೆಟ್ ಮನೆಯ ಟ್ರಂಕಿನಲ್ಲಿದೆಯಂತೆ. ಹಾಕಿ ಕೇಳಲು ಟೇಪ್ ಇಲ್ಲ.

ಹುಡುಗ ಕೇಳಿದ್ದು ಒಂದೇ ಪ್ರಶ್ನೆಯಂತೆ ಕಂಡರೂ ಅದರಲ್ಲಿ ಎರಡಿವೆ. ಹಾಡು ಎಷ್ಟು ಚಂದ ಕೇಳುತ್ತದೆ? ಬೇಕಾದ ಹಾಡು ಸಿಗುತ್ತದೆಯೇ? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಗೆ ನೂರು ವರ್ಷದಲ್ಲಿ ಹಾಡಿನ ಯಂತ್ರಗಳು ಒಂದರ ಹಿಂದೊಂದು ಬಂದಿವೆ. ಪ್ರತಿಯೊಂದೂ ಈ ಎರಡು ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಟ್ಟಿದೆ. ಇಂದಿನ ಆ್ಯಪ್‌ಗಳನ್ನು ತೂಗಬೇಕಾದರೆ ಆ ಹಳೆಯ ಉತ್ತರಗಳಿಂದಲೇ ಶುರು ಮಾಡಬೇಕು.

ಮೂರು ನಿಮಿಷದ ರಿಕಾರ್ಡು

1902ರ ನವೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮೊಫೋನಿಗೆ ಹಾಡಿದರು. ಭಾರತದಲ್ಲಿ ರಿಕಾರ್ಡಿನ ಯುಗ ಶುರುವಾದದ್ದು ಆ ದಿನಗಳಲ್ಲಿ. ನಮ್ಮ ಸೀಮೆಗೆ ಸಂಗೀತದ ಊರೆಂದರೆ ಕಾಗವಾಡದ ಪಕ್ಕದ ಮಿರಜ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಅಲ್ಲಿ. 1937ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಅಲ್ಲಿಯ ಮೀರಾಸಾಹೇಬ ದರ್ಗಾದ ಆವರಣದಲ್ಲಿದೆ. ಅವರ ರಿಕಾರ್ಡುಗಳು ಗಡಿಯ ಎರಡೂ ಕಡೆ ಮನೆಮಾತಾಗಿದ್ದವು.

ಮಿರಜದ ಇನ್ನೊಂದು ಹೆಸರು ತಂಬೂರಿ. ಅಲ್ಲಿಯ ಕುಶಲಕರ್ಮಿಗಳು ಮಾಡುವ ಸಿತಾರ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿತು. ಸೌಂಡ್ ಪರೀಕ್ಷೆಗೆ ತಂಬೂರಿಗಿಂತ ಒಳ್ಳೆಯ ವಾದ್ಯವಿಲ್ಲ. ಅದರ ಝೇಂಕಾರದಲ್ಲಿ ದಪ್ಪ ಸದ್ದೂ ಇದೆ, ಕೂದಲೆಳೆಯಂಥ ತೆಳು ಸದ್ದೂ ಇದೆ. 1925ಕ್ಕೆ ಮೊದಲು ರಿಕಾರ್ಡಿಂಗಿಗೆ ಮೈಕೇ ಇರಲಿಲ್ಲ. ಹಾಡುವವರು ಕಹಳೆಯಂಥ ಕೊಳವೆಗೆ ಬಾಯಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ತಂಬೂರಿಯ ತೆಳು ಸದ್ದು ಆ ಕೊಳವೆಯಲ್ಲೇ ಕಳೆದುಹೋಗುತ್ತಿತ್ತು.

ಇದಕ್ಕಿಂತ ದೊಡ್ಡ ತೊಡಕು ಸಮಯದ್ದು. ಹತ್ತಿಂಚಿನ ರಿಕಾರ್ಡಿನ ಒಂದು ಮಗ್ಗುಲಿಗೆ ಸುಮಾರು 3 ನಿಮಿಷ. ಒಂದು ಗಂಟೆಯ ರಾಗವನ್ನು ಉಸ್ತಾದರು ಹೇಗೋ ಮೂರು ನಿಮಿಷಕ್ಕೆ ಹಿಂಡಿ ಕೊಟ್ಟರು. ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಬಾಲಕನಾಗಿದ್ದಾಗ ಇಂಥ ರಿಕಾರ್ಡುಗಳನ್ನು ಕೇಳಿ ದೊಡ್ಡ ಗಾಯಕರಂತೆಯೇ ಹಾಡಿ ಜನರನ್ನು ಬೆರಗುಗೊಳಿಸುತ್ತಿದ್ದರು. ಕಿವಿ ಚುರುಕಿದ್ದರೆ ಕೆಟ್ಟ ಸೌಂಡಿನಲ್ಲೂ ವಿದ್ಯೆ ದಾಟುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೆ ಹರದೇಶಿ–ನಾಗೇಶಿ ಮೂರು ನಿಮಿಷಕ್ಕೆ ಬಗ್ಗುವ ಹಾಡಲ್ಲ. ಪುರುಷ ಹೆಚ್ಚೋ ಪ್ರಕೃತಿ ಹೆಚ್ಚೋ ಎಂದು ಎರಡು ಮೇಳಗಳು ಸವಾಲು–ಜವಾಬು ಹಾಡುತ್ತ ಬೆಳಗು ಮಾಡುತ್ತವೆ. ಮರಾಠಿಯಲ್ಲಿ ಕಲ್ಗಿ–ತುರಾ ಎಂದು ಕರೆಯುವುದು ಇದರ ಒಡಹುಟ್ಟನ್ನೇ. ಶ್ರೀಕೃಷ್ಣ ಪಾರಿಜಾತವೂ ಹಾಗೆಯೇ, ರಾತ್ರಿಯಿಡೀ ಆಟ. ದಪ್ಪು, ತುಂತುಣಿ, ತಾಳದ ಈ ಲೋಕ ರಿಕಾರ್ಡಿನ ಹೊರಗೇ ಉಳಿಯಿತು.

ಗಾಳಿಯಲ್ಲಿ ಎರಡು ಭಾಷೆ

1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾಯಿತು. 1963ರಲ್ಲಿ ಸಾಂಗಲಿ ಕೇಂದ್ರ ಬಂತು. ನಮ್ಮ ಐದು ತಾಲೂಕಿನವರ ಭಾಗ್ಯವೆಂದರೆ ಮುಳ್ಳು ಒಂದಿಷ್ಟು ತಿರುವಿದರೆ ಕನ್ನಡ, ಇನ್ನೊಂದಿಷ್ಟು ತಿರುವಿದರೆ ಮರಾಠಿ. ಬುಧವಾರ ರಾತ್ರಿ ಶಾರ್ಟ್‌ವೇವ್‌ನಲ್ಲಿ ರೇಡಿಯೊ ಸಿಲೋನ್, ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುತ್ತಲೇ ಮೂರು ಭಾಷೆಯ ಹಾಡು ಕಲಿತೆವು ಎಂದು ಹೇಳುವ ಹಿರಿಯ ಹೆಣ್ಣುಮಕ್ಕಳನ್ನು ನಾವು ಕಂಡಿದ್ದೇವೆ.

ಸೌಂಡ್ ಹೇಗಿತ್ತು? ಮನುಷ್ಯನ ಕಿವಿ ಸೆಕೆಂಡಿಗೆ 20ರಿಂದ 20,000 ಕಂಪನದವರೆಗಿನ ಸದ್ದು ಕೇಳಬಲ್ಲದು. ಮೀಡಿಯಂ ವೇವ್‌ನಲ್ಲಿ ಸುಮಾರು 4–5 ಸಾವಿರ ಕಂಪನದ ಮೇಲಿನದು ಸರಿಯಾಗಿ ತಲುಪುವುದಿಲ್ಲ. ಮಾತು ಸ್ಪಷ್ಟ, ತಾಳದ ಕಿಣಿಕಿಣಿ ಮಂಕು. ಗುಡುಗಿದರೆ ಬರೀ ಗರಗರ. 1980ರ ದಶಕದ ನಡುವಿನವರೆಗೂ ರೇಡಿಯೊ ಇಟ್ಟವರು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣವನ್ನೂ ಕಟ್ಟಬೇಕಿತ್ತು.

ಬಳಸಲು ಮಾತ್ರ ರೇಡಿಯೊದಷ್ಟು ಸುಲಭದ್ದು ಮತ್ತೊಂದು ಬರಲಿಲ್ಲ. ಅಕ್ಷರ ಬರಬೇಕಿಲ್ಲ, ಹುಡುಕಬೇಕಿಲ್ಲ. ಊರಿನ ಮೇಳಗಳಿಗೂ ಜಾನಪದ ಕಾರ್ಯಕ್ರಮದಲ್ಲಿ ಒಂದಿಷ್ಟು ಜಾಗ ಸಿಕ್ಕಿತು. ಆದರೆ ಯಾವ ಹಾಡು, ಯಾವಾಗ ಅನ್ನುವುದನ್ನು ಕೇಂದ್ರದವರು ತೀರ್ಮಾನಿಸುತ್ತಿದ್ದರು.

ಗುಂಡಿ ನಮ್ಮ ಕೈಗೆ ಬಂದಾಗ

ಫಿಲಿಪ್ಸ್ ಕಂಪನಿ ಕ್ಯಾಸೆಟ್ ತಂದದ್ದು 1963ರಲ್ಲಿ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕನ್ನಡ ಭಾವಗೀತೆಗೆ ಕ್ಯಾಸೆಟ್ ದಾರಿ ತೆರೆಯಿತು. 1983ರಲ್ಲಿ ಗುಲ್ಶನ್ ಕುಮಾರ್ ಟಿ-ಸೀರೀಸ್ ಕಟ್ಟಿದ ಮೇಲೆ ದೇಶದ ತುಂಬ ಕ್ಯಾಸೆಟ್ ಅಗ್ಗವಾಯಿತು.

ನಮ್ಮ ಸೀಮೆಗೆ ಇದಕ್ಕಿಂತ ದೊಡ್ಡ ಸಂಗತಿ ಟೇಪಿನ ಮೇಲಿದ್ದ ಕೆಂಪು ಗುಂಡಿ. ಅದನ್ನು ಒತ್ತಿದರೆ ಯಾರು ಬೇಕಾದರೂ ರಿಕಾರ್ಡ್ ಮಾಡಬಹುದಿತ್ತು. ಮೂರು ನಿಮಿಷದ ಕಟ್ಟು ಹರಿಯಿತು. ಒಂದು ಕ್ಯಾಸೆಟ್ಟಿಗೆ 60 ಅಥವಾ 90 ನಿಮಿಷ. ಚಿಂಚಲಿ ಮಾಯಕ್ಕನ ಜಾತ್ರೆ, ಕೊಕಟನೂರು ಎಲ್ಲಮ್ಮನ ಜಾತ್ರೆ, ಮೊಹರಂ ಪದ, ಡೊಳ್ಳಿನ ಪದ, ಹಾಡಕಿ: ಎಲ್ಲಿ ಮೇಳ ಕೂಡಿತೋ ಅಲ್ಲಿ ಮುಂದಿನ ಸಾಲಿನಲ್ಲಿ ಟೇಪ್ ಹಿಡಿದವನೊಬ್ಬ ಕೂತಿರುತ್ತಿದ್ದ.

ಸೌಂಡ್ ಕಳಪೆಯೇ. ಹಿಂದೆ 'ಸ್‌ಸ್' ಅನ್ನುವ ಸದ್ದು, ನಡುವೆ ಕೂಸಿನ ಅಳು, ಚುಟ್ಟಾ ಸೇದುವವರ ಕೆಮ್ಮು. ಒಂದರಿಂದ ಇನ್ನೊಂದಕ್ಕೆ ಕಾಪಿ ಮಾಡಿದಷ್ಟೂ ತಾಳ ಮಂಕಾಗುತ್ತಿತ್ತು. ಆದರೂ ನೂರು ವರ್ಷದಲ್ಲಿ ನಮ್ಮ ಹಾಡನ್ನು ನಮ್ಮವರೇ ಆರಿಸಿ ಹಿಡಿದಿಟ್ಟದ್ದು ಮೊದಲ ಸಲ ಆಗ.

ಆಮೇಲೆ ಎಂಪಿ3, ಅದರ ಹಿಂದೆಯೇ ಮೆಮೊರಿ ಕಾರ್ಡ್. ಸಿಡಿಯ ಗುಣಮಟ್ಟದ ಹಾಡಿಗೆ ನಿಮಿಷಕ್ಕೆ ಸುಮಾರು 10 ಎಂಬಿ ಬೇಕು. ಅದನ್ನೇ 128 ಕೆಬಿಪಿಎಸ್ ಎಂಪಿ3 ಮಾಡಿದರೆ 1 ಎಂಬಿ ಸಾಕು. ಮೊಬೈಲ್ ಅಂಗಡಿಯಲ್ಲಿ ಕಾರ್ಡ್ ಕೊಟ್ಟು "ಕನ್ನಡ ಹಳೇದು, ಮರಾಠಿ ಹೊಸಾದು, ಒಂದಿಷ್ಟು ಭಜನಿ ಪದ" ಅಂದರೆ ತುಂಬಿ ಕೊಡುತ್ತಿದ್ದರು. ಅದು ಕಾಯಿದೆಗೆ ವಿರುದ್ಧ, ಹಾಡಿದವರಿಗೆ ಪೈಸೆಯೂ ಹೋಗುತ್ತಿರಲಿಲ್ಲ. ಆದರೆ ಅಕ್ಷರ ಬಾರದವರೂ ಬಾಯಿಮಾತಿನಲ್ಲಿ ಹಾಡು ಪಡೆಯಬಹುದಿತ್ತು. ಕಾರ್ಡಿಗೆ ಹತ್ತದ ಕ್ಯಾಸೆಟ್ ಮಾತ್ರ ಟ್ರಂಕಿನಲ್ಲೇ ಉಳಿಯಿತು.

ಆ್ಯಪ್‌ಗಳ ಅಂಕಿ, ನಮ್ಮ ಕಿವಿ

ಗಾನಾ 2010ರಲ್ಲಿ, ವಿಂಕ್ 2014ರಲ್ಲಿ ಬಂದವು. 2016ರ ಸೆಪ್ಟೆಂಬರ್ 5ರಂದು ಜಿಯೊ ಶುರುವಾಗಿ ಡೇಟಾ ಅಗ್ಗವಾಯಿತು. 2018ರಲ್ಲಿ ಸಾವನ್ ಮತ್ತು ಜಿಯೊಮ್ಯೂಸಿಕ್ ಕೂಡಿ ಜಿಯೊಸಾವನ್ ಆಯಿತು. 2019ರಲ್ಲಿ ಸ್ಪಾಟಿಫೈ ಮತ್ತು ಯೂಟ್ಯೂಬ್ ಮ್ಯೂಸಿಕ್ ಭಾರತಕ್ಕೆ ಕಾಲಿಟ್ಟವು.

ಈಗ ಹುಡುಗನ ಮೊದಲ ಪ್ರಶ್ನೆ. ಹಾಡಿನ ವಿವರ ಸೆಕೆಂಡಿಗೆ ಎಷ್ಟು ಹರಿಯುತ್ತದೆ ಅನ್ನುವುದನ್ನು ಕೆಬಿಪಿಎಸ್ ಲೆಕ್ಕದಲ್ಲಿ ಹೇಳುತ್ತಾರೆ. ಸ್ಪಾಟಿಫೈಯಲ್ಲಿ ಅದು 24ರಿಂದ ಶುರುವಾಗಿ 96, 160 ದಾಟಿ 320ರವರೆಗೆ ಹೋಗುತ್ತದೆ. 320 ಬೇಕಾದರೆ ಹಣ ಕಟ್ಟಬೇಕು. ಜಿಯೊಸಾವನ್ ಹಣದ ಪ್ಲಾನಿನಲ್ಲೂ 320. ಯೂಟ್ಯೂಬ್ ಮ್ಯೂಸಿಕ್‌ನಲ್ಲಿ 48, 128, 256. ಆ್ಯಪಲ್ ಮ್ಯೂಸಿಕ್ ಸಾಮಾನ್ಯವಾಗಿ 256. ಯಾವ ವಿವರವನ್ನೂ ಬಿಡದ ಲಾಸ್‌ಲೆಸ್ ಗುಣಮಟ್ಟವನ್ನು ಆ್ಯಪಲ್ 2021ರಲ್ಲಿ, ಸ್ಪಾಟಿಫೈ 2025ರಲ್ಲಿ ತಂದವು.

ಡೇಟಾ ಲೆಕ್ಕ ಹೀಗೆ: 24ರಲ್ಲಿ ಒಂದು ಗಂಟೆಗೆ ಸುಮಾರು 11 ಎಂಬಿ, 96ರಲ್ಲಿ 43, 320ರಲ್ಲಿ 144. ಲಾಸ್‌ಲೆಸ್ 400ರ ಆಸುಪಾಸು.

ನಾವು ತಾಳ ಹೆಚ್ಚಿರುವ ಭಜನೆ ಪದವೊಂದನ್ನು ಒಂದೇ ಆ್ಯಪ್‌ನಲ್ಲಿ ಕನಿಷ್ಠ ಮತ್ತು ಗರಿಷ್ಠ ಗುಣಮಟ್ಟದಲ್ಲಿ ಕೇಳಿ ನೋಡಿದೆವು. ವೈರಿನ ಇಯರ್‌ಫೋನ್ ಹಾಕಿದರೆ ಕನಿಷ್ಠದಲ್ಲಿ ತಾಳ ನೀರಿನಲ್ಲಿ ಅದ್ದಿದಂತೆ, ಗರಿಷ್ಠದಲ್ಲಿ ತಾಳ ತಾಳದಂತೆ. ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ವ್ಯತ್ಯಾಸ ಅರ್ಧಕ್ಕೆ ಇಳಿಯಿತು, ಡೊಳ್ಳು ಎರಡರಲ್ಲೂ ಡಬ್ಬಿಯಾಯಿತು. ಓಡುವ ಟ್ರ್ಯಾಕ್ಟರಿನ ಬಾಕ್ಸಿನಲ್ಲಿ ಎಂಜಿನ್ ಸದ್ದಿಗೆ 160, 320ರ ನಡುವೆ ಭೇದವೇ ತಿಳಿಯಲಿಲ್ಲ. ಸಾದಾ ಬ್ಲೂಟೂತ್‌ಗೆ ಲಾಸ್‌ಲೆಸ್ ಹಾಡನ್ನು ಇದ್ದಂತೆ ದಾಟಿಸುವ ಶಕ್ತಿಯೇ ಇಲ್ಲ.

ಹಾಗಾಗಿ ನಮ್ಮ ಮಾತು ಇಷ್ಟು: ದೊಡ್ಡ ಆ್ಯಪ್‌ಗಳ ನಡುವೆ ಕಿವಿಗೆ ಹತ್ತುವಂಥ ವ್ಯತ್ಯಾಸ ಕಡಿಮೆ. ಸೆಟ್ಟಿಂಗ್‌ಗೆ ಹೋಗಿ ಗುಣಮಟ್ಟ ಬದಲಿಸಿದರೆ, ಒಂದು ಒಳ್ಳೆ ಇಯರ್‌ಫೋನ್ ಕೊಂಡರೆ ಆಗುವ ವ್ಯತ್ಯಾಸ ದೊಡ್ಡದು. ಮನೆಯಲ್ಲಿ ವೈಫೈ ಇದ್ದರೆ ಅಲ್ಲೇ ಹೆಚ್ಚಿನ ಗುಣಮಟ್ಟದಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಹುಡುಕಿದರೆ ಸಿಗಬೇಕಲ್ಲ

ಎರಡನೆಯ ಪ್ರಶ್ನೆಗೆ ಆ್ಯಪ್‌ಗಳ ಉತ್ತರ ರೇಡಿಯೊಗಿಂತ ಹಿಂದಿದೆ. ಮೊದಲು ಭಾಷೆ ಆರಿಸಿ ಎನ್ನುತ್ತವೆ. ಕನ್ನಡ ಒತ್ತಿದರೆ ಬೆಂಗಳೂರಿನ ಸಿನಿಮಾ ಹಾಡು, ಮರಾಠಿ ಒತ್ತಿದರೆ ಮುಂಬೈ–ಪುಣೆ ಹಾಡು. ನಮ್ಮ ನಡುವಿನ ಸೀಮೆಗೆ ಅಲ್ಲಿ ಗುಂಡಿ ಇಲ್ಲ. ಹಾಡಿನ ಹೆಸರು ಬಹಳ ಕಡೆ ಇಂಗ್ಲಿಷ್ ಅಕ್ಷರದಲ್ಲಿರುತ್ತದೆ. 'ಗೀಗೀ' ಅನ್ನುವುದಕ್ಕೆ ಎರಡು 'ಇ' ಹಾಕಬೇಕೋ ಒಂದು 'ಐ' ಹಾಕಬೇಕೋ, ಹಾಕಿದವರಿಗೇ ಗೊತ್ತು.

ಆದ್ದರಿಂದಲೇ ನಮ್ಮ ಹಳ್ಳಿಗಳಲ್ಲಿ ಹಾಡಿನ ಆ್ಯಪ್ ಅಂದರೆ ಯೂಟ್ಯೂಬ್. ಹಣ ಕಟ್ಟದಿದ್ದರೆ ಪರದೆ ಆರಿಸಿದ ಕೂಡಲೇ ಹಾಡು ನಿಲ್ಲುತ್ತದೆ, ವಿಡಿಯೊಗೆ ಡೇಟಾ ಹೆಚ್ಚು ಹೋಗುತ್ತದೆ. ಆದರೂ ಅಲ್ಲಿ ಯಾರು ಬೇಕಾದರೂ ಹಾಡು ಹಾಕಬಹುದು, ಬಾಯಲ್ಲಿ ಹೇಳಿ ಹುಡುಕಬಹುದು. ಅದು ಕೆಂಪು ಗುಂಡಿಯ ಮೊಮ್ಮಗ. ಊರಿನ ಹೆಸರನ್ನೇ ಹೆಸರಿಗೆ ಕಟ್ಟಿಕೊಂಡ ಮಾಳು ನಿಪನಾಳ ಅವರ ಹಾಡು ರಾಜ್ಯದ ಮೂಲೆ ಮೂಲೆಗೆ ಮುಟ್ಟಿದ್ದು ಈ ದಾರಿಯಿಂದಲೇ.

ಲಾಭದ ಲೆಕ್ಕ ಮಾತ್ರ ಮತ್ತೆ ಮೂರು ನಿಮಿಷಕ್ಕೆ ಬಂದು ನಿಂತಿದೆ. ಸ್ಪಾಟಿಫೈಯಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಎಣಿಕೆ. ಮೂರು ನಿಮಿಷದ ಹಾಡಿಗೂ ಒಂದೇ, ಗಂಟೆಯ ಹಾಡಕಿಗೂ ಒಂದೇ. 2024ರಿಂದ, ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಅಲ್ಲಿ ಗೌರವಧನವೂ ಇಲ್ಲ.

ಇನ್ನೊಂದು ಮಾತು. ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿದ ಹಾಡು ನಮ್ಮದಲ್ಲ. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ನಿಂತಿತು. ರೆಸ್ಸೊ ಮತ್ತು ವಿಂಕ್ 2024ರಲ್ಲಿ ಬಾಗಿಲು ಹಾಕಿದವು. ಕಂಪನಿ ಎದ್ದು ಹೋದರೆ ನಾವು ಕೂಡಿಸಿಟ್ಟ ಹಾಡಿನ ಪಟ್ಟಿಯೂ ಅದರ ಹಿಂದೆ ಹೋಗುವ ಭಯ ಇದ್ದೇ ಇದೆ.

ಮುತ್ಯಾನ ಕ್ಯಾಸೆಟ್

ಆ ಹುಡುಗನ ಮನೆಗೆ ನಾವು ಆಮೇಲೆ ಹೋದೆವು. ರೇಡಿಯೊ ರಿಪೇರಿಯವರೊಬ್ಬರ ಹತ್ತಿರ ಹಳೇ ಟೇಪ್ ಸಿಕ್ಕಿತು. ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಬಿಳಿ ಬೂಸ್ಟು ಹಿಡಿದು ಸುರುಳಿ ಅಂಟಿತ್ತು. ಇನ್ನೊಂದು ಮಗ್ಗುಲನ್ನು ವೈರ್ ಹಚ್ಚಿ ಲ್ಯಾಪ್‌ಟಾಪಿಗೆ ಇಳಿಸಿದೆವು. 30 ನಿಮಿಷ, ಸುಮಾರು 300 ಎಂಬಿ.

ಹಾಡಿನ ಕೊನೆಯ ನುಡಿಯಲ್ಲಿ ಮುತ್ಯಾ ರೂಢಿಯಂತೆ ತನ್ನ ಊರು, ತನ್ನ ಗುರು, ಪದ ಕಟ್ಟಿದ ಕವಿ, ಮೂರನ್ನೂ ಹೆಸರು ಹಿಡಿದು ಹಾಡಿದ್ದ. ಆ್ಯಪ್‌ಗಳು ಹಾಡಿನ ಜೊತೆ ಕೇಳುವ ವಿವರವೂ ಇದೇ ಅಲ್ಲವೇ? ಯಾರು ಹಾಡಿದರು, ಯಾರು ಬರೆದರು, ಎಲ್ಲಿಯವರು. ನಮ್ಮ ಹಾಡುಗಾರರು ಯಂತ್ರ ಬರುವ ಮೊದಲೇ ಅದನ್ನು ಹಾಡಿನೊಳಗೇ ಇಟ್ಟಿದ್ದರು. ಹುಡುಗ ಆ ನುಡಿಯನ್ನು ಎರಡು ಸಲ ಹಿಂದಕ್ಕೆ ತಿರುಗಿಸಿ ಕೇಳಿದ. ಸೌಂಡ್ ಹೇಗಿದೆ ಎಂದು ಕೇಳಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಕ್ಯಾಸೆಟ್ ಇದ್ದರೆ ಹೀಗೆ ಮಾಡಿ. ಬೂಸ್ಟು ಹಿಡಿದದ್ದನ್ನು ಟೇಪಿಗೆ ಹಾಕಬೇಡಿ, ಬಲ್ಲವರಿಗೆ ತೋರಿಸಿ. ಕ್ಯಾಸೆಟ್ಟಿನ ಮೇಲಂಚಿನ ಎರಡು ಸಣ್ಣ ಪ್ಲಾಸ್ಟಿಕ್ ಚೂರು ಮುರಿದುಬಿಟ್ಟರೆ ಅದರ ಮೇಲೆ ತಪ್ಪಿ ಬೇರೆ ರಿಕಾರ್ಡ್ ಆಗುವುದಿಲ್ಲ. ಸ್ಪೀಕರಿನ ಅಯಸ್ಕಾಂತದಿಂದ ದೂರ, ಒಣ ಜಾಗದಲ್ಲಿ ಇಡಿ. ಇಳಿಸಿದ ಹಾಡಿನ ಎರಡು ಕಾಪಿ ಬೇರೆ ಬೇರೆ ಕಡೆ ಇರಲಿ. ಹಾಡಿದವರ ಅಥವಾ ಅವರ ಮನೆಯವರ ಒಪ್ಪಿಗೆ ಪಡೆದು ಯೂಟ್ಯೂಬಿಗೆ ಹಾಕಿ. ಹಾಕುವಾಗ 'ಜಾನಪದ ಹಾಡು' ಎಂದಷ್ಟೇ ಬರೆದು ಬಿಡಬೇಡಿ. ಕೊನೆಯ ನುಡಿ ಕೇಳಿ, ಅದರಲ್ಲಿರುವ ಊರು, ಗುರು, ಕವಿಯ ಹೆಸರನ್ನು ಕನ್ನಡ ಅಕ್ಷರದಲ್ಲೇ ಬರೆಯಿರಿ. ನಾಳೆ ಯಾರಾದರೂ ಮೊಮ್ಮಗ ಹುಡುಕಿದಾಗ ಅವನಿಗೆ ಸಿಗಬೇಕು.