ಪಾಠಕನ ಗುಣದೋಷವಿಚಾರ: ಶಿಕ್ಷಾಶಾಸ್ತ್ರದಿಂದ ಕೇಳುಪುಸ್ತಕದವರೆಗೆ

೧

ಗ್ರಂಥವನ್ನು ಕಣ್ಣಿನಿಂದ ಓದುವುದಕ್ಕೆ ಬದಲಾಗಿ ಬೇರೊಬ್ಬರ ಕಂಠದಿಂದ ಕೇಳಿ ಗ್ರಹಿಸುವ ಪದ್ಧತಿಯು ಈಚಿನ ವರ್ಷಗಳಲ್ಲಿ ಕನ್ನಡದಲ್ಲಿಯೂ ಬಳಕೆಗೆ ಬಂದಿದೆ. ಆಡಿಯೋ ಪುಸ್ತಕವೆಂದೂ ಕೇಳುಪುಸ್ತಕವೆಂದೂ ಹೆಸರಾಂತಿರುವ ಈ ಧ್ವನಿಮುದ್ರಿತ ಗ್ರಂಥಗಳನ್ನು ಕೇಳಿದವರು ತಮ್ಮತಮ್ಮೊಳಗೆ ಅಭಿಪ್ರಾಯಗಳನ್ನು ಹೇಳಿಕೊಳ್ಳುವಾಗ ಗ್ರಂಥಕರ್ತನ ವಿಷಯಕ್ಕಿಂತಲೂ ಓದಿದವರ ವಿಷಯವೇ ಎಷ್ಟೋ ಸಲ ಮುಂದೆ ನಿಲ್ಲುತ್ತದೆ. ಇವರ ಓದು ತೀರ ಅವಸರದ್ದು, ಅವರದು ನಾಟಕದಂತಿದೆ, ಮತ್ತೊಬ್ಬರ ಕಂಠ ಇಂಪಾಗಿದ್ದರೂ ಅರ್ಥವರಿತು ಓದಿದಂತಿಲ್ಲ, ಎಂಬಿವೇ ಆ ಮಾತುಗಳು. ಹೊಸ ಯಂತ್ರದೊಡನೆ ಹುಟ್ಟಿದ ಹೊಸ ಹರಟೆಯೆಂದು ಇವನ್ನು ವಿದ್ವಾಂಸರು ಉಪೇಕ್ಷಿಸುವುದುಂಟು. ಆದರೆ ಈ ಆಕ್ಷೇಪಣೆಗಳೆಲ್ಲವೂ ನಮ್ಮ ಶಾಸ್ತ್ರಗಳಲ್ಲಿ ಬಹು ಪೂರ್ವದಲ್ಲಿಯೇ ಪರಿಗಣಿತವಾಗಿವೆ. ಅವುಗಳ ಬುಡದಲ್ಲಿ, ಓದುವವನ ಧ್ವನಿಯು ಗ್ರಂಥದ ಅಂಗವೋ ಅಥವಾ ಗ್ರಂಥಕ್ಕೆ ಹೊರತಾದುದೋ ಎಂಬ ಒಂದು ಗಂಭೀರವಾದ ಪ್ರಶ್ನೆಯೂ ಇದೆ. ಇದನ್ನು ಇತಿಹಾಸಕ್ರಮದಿಂದ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ. ಓದಿ ಕೇಳಿಸುವವನಿಗೆ ಪ್ರಾಚೀನರ ಮಾತಾದ 'ಪಾಠಕ' ಎಂಬುದನ್ನೇ ಇಲ್ಲಿ ಬಳಸಲಾಗಿದೆ.

೨

ಪಾಣಿನೀಯಶಿಕ್ಷೆಯು ಪಾಠಕರ ಗುಣಗಳನ್ನು ಆರಾಗಿಯೂ, ಅಧಮಪಾಠಕರನ್ನು ಆರು ಬಗೆಯಾಗಿಯೂ ಎಣಿಸುತ್ತದೆ. ಮಾಧುರ್ಯ, ಅಕ್ಷರಗಳ ಸ್ಪಷ್ಟತೆ, ಪದವಿಭಾಗ, ಒಳ್ಳೆಯ ಸ್ವರ, ಧೈರ್ಯ, ಲಯಸಾಮರ್ಥ್ಯ, ಇವು ಗುಣಗಳು. ಹಾಡಿದಂತೆ ಓದುವವನು, ತ್ವರೆಯಿಂದ ಓದುವವನು, ತಲೆಯನ್ನಾಡಿಸುತ್ತ ಓದುವವನು, ಬರೆದುದನ್ನು ನೋಡಿಕೊಂಡು ಓದುವವನು, ಅರ್ಥವನ್ನರಿಯದವನು, ಕ್ಷೀಣಕಂಠನು, ಇವರು ಅಧಮರು. ಅಕ್ಷರಗಳನ್ನು ಹೇಗೆ ಉಚ್ಚರಿಸಬೇಕೆಂಬುದಕ್ಕೆ ಅದೇ ಗ್ರಂಥದಲ್ಲಿ ಹೆಣ್ಣುಹುಲಿಯ ಉಪಮಾನವೂ ಇದೆ. ಹುಲಿಯು ಮರಿಯನ್ನು ಹಲ್ಲಿನಿಂದ ಕಚ್ಚಿ ಒಯ್ಯುವಾಗ ಹಲ್ಲು ನಾಟದಂತೆಯೂ ಮರಿ ಕೆಳಗೆ ಬೀಳದಂತೆಯೂ ಎಚ್ಚರವಹಿಸುವಂತೆ, ಪಾಠಕನು ಅಕ್ಷರವನ್ನು ಹಿಸುಕಲೂ ಬಾರದು, ಜಾರಿಸಲೂ ಬಾರದು ಎಂದು ತಾತ್ಪರ್ಯ.

ಈ ಶಾಸ್ತ್ರವು ವೇದಪಾಠಕ್ಕಾಗಿ ಹುಟ್ಟಿದುದರಿಂದ ಇದನ್ನು ಲೌಕಿಕ ಗ್ರಂಥಗಳಿಗೆ ಹಾಗೆಯೇ ಅನ್ವಯಿಸಲಾಗದು. ಕಂಠಸ್ಥವಾಗಿರಬೇಕಾದ ವೇದವನ್ನು ಬರಹ ನೋಡಿ ಓದುವುದು ದೋಷವಾದರೂ, ಐನೂರು ಪುಟಗಳ ಕಾದಂಬರಿಯನ್ನು ಓದುವವನಿಗೆ ಬರಹವೇ ಆಧಾರ. ಕಾಣದಿರುವ ಪಾಠಕನು ತಲೆಯಾಡಿಸಿದರೆ ಕೇಳುವವನಿಗೆ ಹಾನಿಯಿಲ್ಲ. ಧ್ವನಿಗ್ರಾಹಕ ಯಂತ್ರದಿಂದ ಬಾಯಿ ಅತ್ತಿತ್ತ ಸರಿದು ಸ್ವರವು ಏರಿಳಿದರೆ ಮಾತ್ರ ಆ ಹಳೆಯ ದೋಷವೇ ಬೇರೆ ರೂಪದಲ್ಲಿ ಬಂದಂತಾಯಿತು. ಉಳಿದ ನಾಲ್ಕು, ಎಂದರೆ ಗೀತ, ತ್ವರೆ, ಅರ್ಥಾಜ್ಞಾನ, ಕಂಠದೌರ್ಬಲ್ಯ, ಇಂದಿನ ಕೇಳುಗರೂ ಎತ್ತಿ ಆಡುತ್ತಿರುವ ದೋಷಗಳೇ ಆಗಿವೆ.

೩

ಕಾವ್ಯಪಾಠವನ್ನೇ ಕುರಿತ ವಿಮರ್ಶೆಯು ರಾಜಶೇಖರನ ಕಾವ್ಯಮೀಮಾಂಸೆಯಲ್ಲಿ ದೊರೆಯುತ್ತದೆ. ಯಾಯಾವರ ಕುಲದ ಈ ಕವಿಯು ಸುಮಾರು ಕ್ರಿ. ಶ. ೯೦೦ರಲ್ಲಿ ಕನೌಜಿನ ಪ್ರತೀಹಾರ ದೊರೆಗಳ ಆಶ್ರಯದಲ್ಲಿದ್ದನು. ಬಹುಕಾಲ ಅಪ್ರಸಿದ್ಧವಾಗಿದ್ದ ಈ ಗ್ರಂಥವು ೧೯೧೬ರಲ್ಲಿ ಬರೋಡೆಯ ಗಾಯಕವಾಡ ಪ್ರಾಚ್ಯಗ್ರಂಥಮಾಲೆಯ ಮೊದಲನೆಯ ಪುಸ್ತಕವಾಗಿ ಅಚ್ಚಾಯಿತು. ಅದರ ಏಳನೆಯ ಅಧ್ಯಾಯದಲ್ಲಿ ಆತನು, ಸಂಸ್ಕಾರವುಳ್ಳವನು ಹೇಗೋ ಕಾವ್ಯವನ್ನು ರಚಿಸಿಯಾನು, ಅದನ್ನು ಓದಬಲ್ಲವನಾದರೋ ಸರಸ್ವತಿಯು ಸಿದ್ಧಿಸಿದವನೇ ಎಂದು ಹೇಳಿ, ಗೋವಳರಿಂದ ಹೆಂಗಸರವರೆಗೆ ಎಲ್ಲರಿಗೂ ಆಸ್ವಾದ್ಯವಾಗುವಂತೆ ಓದಬೇಕೆಂದು ವಿಧಿಸುತ್ತಾನೆ.

ಅನಂತರ ಒಂದೊಂದು ದೇಶದವರ ಪಾಠಕ್ರಮವನ್ನೂ ವಿಮರ್ಶಿಸುತ್ತಾನೆ. ಕಾಶಿಯಿಂದ ಮೂಡಲಿನ ಮಗಧಾದಿಗಳು ಸಂಸ್ಕೃತವನ್ನು ಚೆನ್ನಾಗಿ ಓದುವರು, ಪ್ರಾಕೃತದಲ್ಲಿ ಮೊಂಡರು. ಗೌಡದೇಶದವರು ಪ್ರಾಕೃತದ ಗಾಥೆಯನ್ನು ಓದುವುದನ್ನು ಬಿಡಲಿ, ಇಲ್ಲವೆ ನನ್ನ ಪದವಿಗೆ ಬೇರೊಬ್ಬ ಸರಸ್ವತಿಯನ್ನು ನೇಮಿಸು ಎಂದು ವಾಗ್ದೇವಿಯೇ ಬ್ರಹ್ಮನಿಗೆ ಬಿನ್ನೈಸಿಕೊಂಡಳಂತೆ. ದ್ರಾವಿಡರು ಗದ್ಯವಾಗಲಿ ಪದ್ಯವಾಗಲಿ ಎಲ್ಲವನ್ನೂ ಹಾಡಿದಂತೆ ಓದುವರು. ಕಾಶ್ಮೀರರು ಶಾರದೆಯ ಪ್ರಸಾದದಿಂದ ಸತ್ಕವಿಗಳೇ. ಆದರೆ ಅವರ ಪಾಠವೆಂದರೆ ಕಿವಿಗೆ ಅಮೃತಬಳ್ಳಿಯ ಕಹಿರಸವನ್ನು ಹೊಯ್ದಂತೆ. ಕರ್ಣಾಟರೋ, ರಸವು ಯಾವುದಾದರಾಗಲಿ, ರೀತಿ ಯಾವುದಾದರಾಗಲಿ, ಗುಣವು ಯಾವುದಾದರಾಗಲಿ, ಗರ್ವದಿಂದ ಕೊನೆಯಲ್ಲಿ ಟಂಕಾರಗೈದು ಓದುವರು. ಪಾಂಚಾಲರ ಪಾಠವೊಂದೇ ವರ್ಣಪೂರ್ಣವಾಗಿ, ಯತಿವಿಭಕ್ತವಾಗಿ, ಕಿವಿಯಲ್ಲಿ ಜೇನನ್ನು ಸುರಿಸುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಗಳು ಮೂರು. ಮೊದಲನೆಯದು, ಕವಿತ್ವವೂ ಪಾಠಶಕ್ತಿಯೂ ಬೇರೆಬೇರೆಯೆಂಬುದು. ಕಾಶ್ಮೀರರ ಕಾವ್ಯವನ್ನು ಮೆಚ್ಚಿ ಅವರ ಓದನ್ನು ತೆಗಳಿದ ರಾಜಶೇಖರನು, ಪುಸ್ತಕಕ್ಕೆ ಒಂದು ಬೆಲೆಯನ್ನೂ ಪಾಠಕನಿಗೆ ಇನ್ನೊಂದು ಬೆಲೆಯನ್ನೂ ಕಟ್ಟುವ ಇಂದಿನ ಕೇಳುಗರ ಪದ್ಧತಿಯನ್ನು ಸಾವಿರ ವರ್ಷಗಳಿಗೂ ಹಿಂದೆಯೇ ಅನುಸರಿಸಿದ್ದಾನೆ. ಎರಡನೆಯದು, ಕರ್ಣಾಟರ ಮೇಲಣ ಆಕ್ಷೇಪದ ಸ್ವರೂಪ. ಕನ್ನಡಿಗರ ಕಾವ್ಯಪರಿಣತಿಯನ್ನು ಕವಿರಾಜಮಾರ್ಗವು ಕೊಂಡಾಡಿ ಅರ್ಧಶತಮಾನವಷ್ಟೇ ಕಳೆದಿದ್ದ ಕಾಲದ ಈ ಮಾತು ನಮಗೆ ಕಹಿಯಾಗಿ ತೋರಬಹುದು. ಆದರೆ ಆತನು ನಿಂದಿಸಿದುದು ಕಂಠವನ್ನಲ್ಲ; ರಸಭೇದವನ್ನು ಗಣಿಸದೆ ಎಲ್ಲವನ್ನೂ ಒಂದೇ ಧಾಟಿಯಲ್ಲಿ ಓದುವುದನ್ನು. ಶೋಕಕ್ಕೂ ವೀರಕ್ಕೂ ಹಾಸ್ಯಕ್ಕೂ ಒಂದೇ ಗತ್ತನ್ನು ತರುವ ಪಾಠಕರು ಇಂದಿಗೂ ಇರುವುದರಿಂದ ಈ ಆಕ್ಷೇಪವನ್ನು ಕೋಪಕ್ಕಿಂತ ಉಪಯೋಗಕ್ಕೆ ತೆಗೆದುಕೊಳ್ಳುವುದು ಲೇಸು.

ಮೂರನೆಯದು ವಿಮರ್ಶಕನ ಪಕ್ಷಪಾತ. ಜೇನಿನ ಹೋಲಿಕೆಯು ಸಂದುದು ಪಾಂಚಾಲಕ್ಕೆ. ರಾಜಶೇಖರನು ಆಶ್ರಯಿಸಿದ್ದ ಕನೌಜು ಇರುವುದೂ ಆ ಪ್ರಾಂತದಲ್ಲಿಯೇ. ತನ್ನ ಸುತ್ತಲಿನವರ ಉಚ್ಚಾರವೇ ಪ್ರಮಾಣವೆಂದೂ ದೂರದವರದು ವಿಕಾರವೆಂದೂ ತೋರುವುದು ಕಿವಿಯ ಸ್ವಭಾವ. ಧಾರವಾಡದ ಕಂಠ ಮೈಸೂರಿನವರಿಗೆ, ಮೈಸೂರಿನದು ಮಂಗಳೂರಿನವರಿಗೆ ಒರಟಾಗಿಯೋ ಕೃತಕವಾಗಿಯೋ ಕೇಳಿಸುವುದು ಇದರಿಂದಲೇ. ಬೇಂದ್ರೆಯವರ ಕವಿತೆಗೆ ಧಾರವಾಡದ ಸ್ವರ ಗುಣವೇ ಹೊರತು ದೋಷವಲ್ಲ. ಆದಕಾರಣ ದೇಶಭೇದವನ್ನು ಪಾಠದೋಷದೊಡನೆ ಬೆರೆಸದಿರುವುದು ವಿಮರ್ಶಕನ ಮೊದಲ ಕರ್ತವ್ಯ.

೪

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಧ್ವನಿಯ ವಿಕಾರದಿಂದ ಅರ್ಥವು ಬದಲಾಗುವುದನ್ನು ಶಾಸ್ತ್ರಕಾರರು ಕಾಕುವೆಂದು ಕರೆದರು. ಭರತನು ನಾಟ್ಯಶಾಸ್ತ್ರದಲ್ಲಿ ಇದನ್ನು ಸಾಕಾಂಕ್ಷ, ನಿರಾಕಾಂಕ್ಷವೆಂದು ವಿಭಾಗಿಸಿ, ಉಚ್ಚ, ದೀಪ್ತ, ಮಂದ್ರ, ನೀಚ, ದ್ರುತ, ವಿಲಂಬಿತವೆಂಬ ಆರು ಪಾಠ್ಯಾಲಂಕಾರಗಳನ್ನೂ ಹೇಳಿದನು. ಒಂಬತ್ತನೆಯ ಶತಮಾನದ ರುದ್ರಟನು ಕಾಕುವನ್ನು ವಕ್ರೋಕ್ತಿಯ ಒಂದು ಭೇದವೆಂದೆಣಿಸಿ ಶಬ್ದಾಲಂಕಾರಗಳಲ್ಲಿ ಸೇರಿಸಿದನು. ರಾಜಶೇಖರನು ಇದನ್ನು ಒಪ್ಪಲಿಲ್ಲ. ಕಾಕುವು ಅಭಿಪ್ರಾಯಗರ್ಭಿತವಾದ ಪಾಠಧರ್ಮ. ಅದು ಅಲಂಕಾರವಾಗುವುದೆಂತು ಎಂಬುದು ಅವನ ವಾದ. ಎಂದರೆ ರುದ್ರಟನ ಪಕ್ಷದಲ್ಲಿ ಧ್ವನಿವಿಶೇಷವು ಕವಿಯ ಸೊತ್ತು. ರಾಜಶೇಖರನ ಪಕ್ಷದಲ್ಲಿ ಪಾಠಕನ ಸೊತ್ತು.

ವೇಣೀಸಂಹಾರದ ಮೊದಲನೆಯ ಅಂಕದಲ್ಲಿ ಭೀಮನಾಡುವ ಪ್ರಸಿದ್ಧವಾದ ಮಾತು ಇದಕ್ಕೆ ನಿದರ್ಶನ. ಮಮ್ಮಟನೂ ಇದನ್ನು ಕಾವ್ಯಪ್ರಕಾಶದಲ್ಲಿ ಉದಾಹರಿಸಿದ್ದಾನೆ. ಅಕ್ಷರಗಳನ್ನಷ್ಟೇ ನೋಡಿದರೆ, ಭೀಮನು ಯುದ್ಧದಲ್ಲಿ ಕೌರವರನ್ನು ಮಥಿಸುವುದಿಲ್ಲವೆಂದು ಹೇಳಿದಂತಿದೆ. ಕಾಕುವಿನಿಂದ ಓದಿದರೆ ಮಥಿಸದೆ ಬಿಡುವೆನೇ ಎಂಬ ಗರ್ಜನೆಯಾಗುತ್ತದೆ. ಸಮಸ್ವರದಲ್ಲಿ ಓದಿದ ಪಾಠಕನು ಒಂದಕ್ಷರವನ್ನೂ ತಪ್ಪದೆಯೇ ಭೀಮನನ್ನು ಹೇಡಿಯನ್ನಾಗಿ ಮಾಡಿಬಿಡಬಲ್ಲನು. ದೂರ ಹೋಗಬೇಕಾಗಿಯೂ ಇಲ್ಲ. 'ಬಂದನಲ್ಲ' ಎಂಬ ನಮ್ಮ ದಿನಬಳಕೆಯ ಮಾತು ಒಂದು ಸ್ವರದಲ್ಲಿ ನೆಮ್ಮದಿಯನ್ನೂ ಮತ್ತೊಂದರಲ್ಲಿ ಬೇಸರವನ್ನೂ ಸೂಚಿಸುವುದು ಎಲ್ಲರಿಗೂ ವಿದಿತವೇ ಆಗಿದೆ. ಬರಹದಲ್ಲಿ ಈ ಭೇದವಿಲ್ಲ. ಕಣ್ಣಿನಿಂದ ಓದುವವನು ಪೂರ್ವಾಪರವನ್ನು ವಿಚಾರಿಸಿ ತಾನೇ ನಿಶ್ಚಯಿಸಿಕೊಳ್ಳುವನು. ಕೇಳುವವನಿಗೆ ಅದನ್ನು ಪಾಠಕನು ನಿಶ್ಚಯಿಸಿಕೊಟ್ಟಿರುತ್ತಾನೆ. ಆದ್ದರಿಂದ ಪಾಠಕನು ಬರಿಯ ವಾಹಕನಲ್ಲ, ವ್ಯಾಖ್ಯಾನಕಾರನೆಂದು ಸಿದ್ಧವಾಗುತ್ತದೆ.

ನಮ್ಮಲ್ಲಿ ಕಾವ್ಯವಾಚನ ಮಾಡುವವನಿಗೆ ಸಂದಿರುವ ಗಮಕಿಯೆಂಬ ಹೆಸರೂ ಇದನ್ನೇ ಹೇಳುತ್ತದೆ. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯನು ಆದಿಪುರಾಣದಲ್ಲಿ ಸಮಂತಭದ್ರನನ್ನು ಸ್ತುತಿಸುತ್ತ ಕವಿ, ಗಮಕ, ವಾದಿ, ವಾಗ್ಮಿಗಳೆಂಬ ನಾಲ್ವರನ್ನು ಹೆಸರಿಸುತ್ತಾನೆ. ಅಲ್ಲಿ ಗಮಕನೆಂದರೆ ಕೃತಿಯ ಅರ್ಥವನ್ನು ಬಿಡಿಸಿ ತಿಳಿಸುವವನು, ಗಾಯಕನಲ್ಲ. ರಾಗವು ಅನಂತರ ಬಂದ ಉಪಕರಣ. ಕುಮಾರವ್ಯಾಸಭಾರತವನ್ನೂ ಜೈಮಿನಿಭಾರತವನ್ನೂ ಓದಿಸಿ ಕೇಳುತ್ತಿದ್ದ ನಮ್ಮ ಊರುಗಳಲ್ಲಿ ವಾಚನಮಾಡುವವನೊಬ್ಬ, ಅರ್ಥ ಹೇಳುವವನೊಬ್ಬ ಎಂದು ಇಬ್ಬರು ಕೂರುವ ವಾಡಿಕೆ ಬೆಳೆಯಿತು. ಪದವನ್ನು ತಪ್ಪಾಗಿ ಒಡೆದರೆ ವ್ಯಾಖ್ಯಾನಕಾರನಾಗಲಿ ಕೇಳುತ್ತಿದ್ದ ಹಿರಿಯರಾಗಲಿ ಅಲ್ಲಿಯೇ ತಿದ್ದಬಹುದಾಗಿತ್ತು. ಪಾಠಕನ ಅಧಿಕಾರಕ್ಕೆ ಸಭೆಯೇ ಅಂಕುಶವಾಗಿತ್ತು.

೫

ಯಂತ್ರವು ಈ ಅಂಕುಶವನ್ನು ತೆಗೆದುಹಾಕಿತು. ಎಡಿಸನ್ನನು ೧೮೭೭ರಲ್ಲಿ ಫೋನೋಗ್ರಾಫನ್ನು ನಿರ್ಮಿಸಿ, ಮರುವರ್ಷ 'ನಾರ್ತ್ ಅಮೆರಿಕನ್ ರಿವ್ಯೂ' ಪತ್ರಿಕೆಯಲ್ಲಿ ಅದರ ಉಪಯೋಗಗಳನ್ನು ಎಣಿಸುವಾಗ, ಅಂಧರಿಗೆ ಓದಿ ಹೇಳುವ ಪುಸ್ತಕಗಳನ್ನೂ ಹೆಸರಿಸಿದನು. ಆದರೆ ಆ ಯಂತ್ರವು ಕೆಲವೇ ನಿಮಿಷಗಳ ಮಾತನ್ನು ಹಿಡಿಯುತ್ತಿದ್ದುದರಿಂದ ಪೂರ್ಣಗ್ರಂಥದ ಮುದ್ರಣಕ್ಕೆ ಅರ್ಧಶತಮಾನವೇ ಬೇಕಾಯಿತು. ಅಮೆರಿಕದಲ್ಲಿ ೧೯೩೪ರಲ್ಲಿಯೂ ಬ್ರಿಟನ್ನಿನಲ್ಲಿ ೧೯೩೫ರ ನವೆಂಬರಿನಲ್ಲಿಯೂ ಅಂಧರಿಗಾಗಿ 'ಮಾತಾಡುವ ಪುಸ್ತಕ'ಗಳು ಹೊರಟವು. ಬ್ರಿಟನ್ನಿನ ಮೊದಲ ಪುಸ್ತಕಗಳಲ್ಲಿ ಅಗಾಥಾ ಕ್ರಿಸ್ಟಿಯ ಒಂದು ಪತ್ತೇದಾರಿ ಕಾದಂಬರಿಯೂ ಕಾನ್‌ರಾಡನ 'ಟೈಫೂನ್' ಕಥೆಯೂ ಇದ್ದವು. ಅಲ್ಲಿ ಈ ಕಾರ್ಯಕ್ಕಾಗಿ ದುಡಿದ ಇಯಾನ್ ಫ್ರೇಸರನು ೧೯೧೬ರ ಸೋಮ್ ಯುದ್ಧದಲ್ಲಿ ಕಣ್ಣುಗಳನ್ನು ಕಳೆದುಕೊಂಡವನು.

ಮೊದಲ ವರ್ಷಗಳಲ್ಲಿಯೇ ಕೇಳುಗರೊಳಗೆ ವಿವಾದವೆದ್ದಿತು. ಪಾತ್ರಕ್ಕೊಂದು ಕಂಠವನ್ನು ತಂದು ಅಭಿನಯಪೂರ್ವಕವಾಗಿ ಓದಬೇಕೆಂದು ಕೆಲವರು; ಪಾಠಕನು ತನ್ನನ್ನು ಮರೆಸಿಕೊಂಡು ಸ್ಪಷ್ಟವಾಗಿ ಓದಿದರೆ ಸಾಕೆಂದು ಹಲವರು. ಎರಡನೆಯ ಪಕ್ಷದವರ ಕಾರಣವು ಮನನೀಯವಾದುದು. ಬ್ರೈಲ್ ಲಿಪಿಯಲ್ಲಿ ಬೆರಳಿನಿಂದ ಓದುವಾಗ ಕಾಕುವನ್ನು ನಿಶ್ಚಯಿಸುವ ಸ್ವಾತಂತ್ರ್ಯವು ಓದುವವನದೇ ಆಗಿತ್ತು. ಅಭಿನಯಿಸುವ ಪಾಠಕನು ಅದನ್ನು ಕಸಿದುಕೊಳ್ಳುತ್ತಾನೆ. ರುದ್ರಟ ರಾಜಶೇಖರರ ಹೆಸರನ್ನೇ ಕೇಳದ ಜನರು ಅವರ ವಾದವನ್ನೇ ಮುಂದುವರಿಸಿದರೆಂದು ಹೇಳಬಹುದು. ಮುಂದೆ ೧೯೯೨ರಲ್ಲಿ ಅಮೆರಿಕದಲ್ಲಿ 'ಆಡಿಯೋಫೈಲ್' ಎಂಬ ಪತ್ರಿಕೆಯು ಕೇಳುಪುಸ್ತಕಗಳ ವಿಮರ್ಶೆಗೆಂದೇ ಹೊರಟು, ಪಾಠಕನ ಕಾರ್ಯವನ್ನು ಪ್ರತ್ಯೇಕವಾಗಿ ತೂಗುವ ಪದ್ಧತಿಯನ್ನು ನೆಲೆಗೊಳಿಸಿತು.

೬

ಕನ್ನಡದಲ್ಲಿ ಇಂತಹ ತೂಕದ ಅಗತ್ಯವು ಹೆಚ್ಚಾಗಿಯೇ ಇದೆ. ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ ೨೦೨೨ರಲ್ಲಿ ಪದ್ಮಶ್ರೀ ಸಂದಾಗ ನಾವೆಲ್ಲ ಸಂತೋಷಪಟ್ಟೆವು. ಅದೇ ವರ್ಷ ಅವರು ತೀರಿಕೊಂಡರು. ಇಂತಹವರ ವಾಚನದ ಧ್ವನಿಮುದ್ರಣಗಳನ್ನು ಉಳಿಸುವುದು ಎಷ್ಟು ಅವಶ್ಯವೋ, ಬಲ್ಲ ಕೇಳುಗರು ಅವುಗಳ ಬಗ್ಗೆ ಕೊಟ್ಟ ತೀರ್ಪನ್ನು ಉಳಿಸುವುದೂ ಅಷ್ಟೇ ಅವಶ್ಯ. ಹಳಗನ್ನಡವನ್ನು ಅಚ್ಚಿನಲ್ಲಿ ಓದಲಾರದ ವಿದ್ಯಾರ್ಥಿಯು ಪಂಪನನ್ನೋ ಕುಮಾರವ್ಯಾಸನನ್ನೋ ಮೊದಲು ಕಿವಿಯಿಂದಲೇ ಅರಿಯುವ ಕಾಲವು ಬಂದಿದೆ. ಅವನು ಕೇಳಿದ ಪದಚ್ಛೇದವೇ ಅವನಿಗೆ ಪಾಠ, ಅವನು ಕೇಳಿದ ಕಾಕುವೇ ಅವನಿಗೆ ಅರ್ಥ. ಕಣ್ಣಿಲ್ಲದ ಓದುಗನ ಸ್ಥಿತಿಯಂತೂ ಸರ್ವಥಾ ಪಾಠಕಾಧೀನ. ಸಭೆಯಲ್ಲಿ ಆದ ತಪ್ಪು ಆ ಸಂಜೆಗೇ ಮುಗಿಯುತ್ತಿತ್ತು. ಮುದ್ರಿತವಾದ ತಪ್ಪು ಸಾವಿರ ಕಿವಿಗಳಲ್ಲಿ ಹಾಗೆಯೇ ಪುನರುಕ್ತವಾಗುತ್ತದೆ, ನಡುವೆ ಕೈಯೆತ್ತಿ ತಡೆಯುವ ಹಿರಿಯರು ಅಲ್ಲಿಲ್ಲ. ಕೇಳಿದವರು ಅನಂತರ ಹಂಚಿಕೊಳ್ಳುವ ಅಭಿಪ್ರಾಯವೇ ಆ ಸಭೆಯ ಸ್ಥಾನದಲ್ಲಿ ಈಗ ಉಳಿದಿರುವುದು.

ಆದುದರಿಂದ ಈ ಅಭಿಪ್ರಾಯವು ಕಂಠ ಇಂಪು, ಕಂಠ ಇಂಪಲ್ಲ ಎಂಬಷ್ಟಕ್ಕೇ ನಿಲ್ಲಬಾರದು. ಅಲ್ಪಪ್ರಾಣ ಮಹಾಪ್ರಾಣಗಳು ಸ್ಪಷ್ಟವಾಗಿವೆಯೇ. ಪದಚ್ಛೇದವು ಅರ್ಥವನ್ನು ಅನುಸರಿಸಿದೆಯೇ. ಗತಿಯು ಕೇಳುವವನಿಗೆ ಗ್ರಹಿಸಲು ಎಡೆಗೊಡುತ್ತದೆಯೇ. ರಸ ಬದಲಾದಾಗ ಸ್ವರವೂ ಬದಲಾಗಿದೆಯೇ. ಎರಡರ್ಥಕ್ಕೆ ಎಡೆಯಿರುವಲ್ಲಿ ಪಾಠಕನು ಆರಿಸಿದ ಕಾಕುವಿಗೆ ಗ್ರಂಥದಲ್ಲಿ ಆಧಾರವಿದೆಯೇ. ಈ ಐದನ್ನು ಸ್ಥಳನಿರ್ದೇಶದೊಡನೆ ಪರೀಕ್ಷಿಸತಕ್ಕದ್ದು. ಸಾಹಿತ್ಯದ ಅಧ್ಯಾಪಕರು ತರಗತಿಯಲ್ಲಿ ಒಂದೇ ಪದ್ಯದ ಎರಡು ಮುದ್ರಣಗಳನ್ನು ಕೇಳಿಸಿ ಭೇದವನ್ನು ಚರ್ಚಿಸಬಹುದು. ಗ್ರಂಥಸಂಪಾದಕರು ಪಾಠಾಂತರಗಳನ್ನು ಗುರುತಿಸಿ ಇಡುವಂತೆ, ಕಾಕುಭೇದಗಳನ್ನೂ ಗುರುತಿಸಿ ಇಡುವ ಕಾರ್ಯವು ವಿದ್ವತ್ಸಂಸ್ಥೆಗಳಿಗೆ ಯೋಗ್ಯವಾದುದು. ಅಚ್ಚಿನ ಪುಸ್ತಕದ ಅಕ್ಷರದೋಷಕ್ಕೆ ಶುದ್ಧಪತ್ರಿಕೆಯಿದೆ. ಕಂಠದ ಅರ್ಥದೋಷಕ್ಕೆ ಶುದ್ಧಪತ್ರಿಕೆಯನ್ನು ಬರೆಯಬಲ್ಲವರು ಬಲ್ಲ ಕೇಳುಗರೇ.